ಸವಳು ಮಣ್ಣಿನ ನಕ್ಷೆ ಮತ್ತ ಬಣ್ಣದ ಸ್ಕೇಲು

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವಿ ನೀರು ಹರಿಯೋ ಊರುಗಳ ಮಣ್ಣಿನ ಇಸಿ, ಅಂದ್ರ ಉಪ್ಪಿನಂಶದ ಅಳತಿ, ಅದನ್ನ ನಕ್ಷೆಗೆ ಹಾಕೋದು ನನ್ನ ಕೆಲಸ. ಪೈಥಾನ್, ಅದರೊಳಗ ಚಿತ್ರ ಬಿಡಿಸೋ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್, ಅಷ್ಟ. ಹೋದ ಸಲ ಮೇ ತಿಂಗಳದ್ದೊಂದು, ಭತ್ತ ಕೊಯ್ದ ಮ್ಯಾಲೆ ಡಿಸೆಂಬರ್‌ದೊಂದು, ಎರಡೂ ಬಾಜೂಬಾಜೂಕ ಪ್ರಿಂಟ್ ತಗೊಂಡು ಕಾಲುವಿ ಕೊನೆ ಭಾಗದ ಒಂದೂರಿಗೆ ಹೋಗಿದ್ದೆ. ಅಲ್ಲೊಬ್ರು ಹಿರಿ ರೈತರು ತಮ್ಮ ಹೊಲದ ಜಾಗಕ್ಕ ಬೆರಳಿಟ್ಟು ಕೇಳಿದ್ರು, "ತಮ್ಮಾ, ಬ್ಯಾಸಿಗ್ಯಾಗ ಬೆಳ್ಳಗ ಉಪ್ಪು ಮ್ಯಾಲೆದ್ದಿತ್ತು, ನೀರು ನಿಂತು ತೊಳಕೊಂಡು ಹೋದ ಮ್ಯಾಲೆ ಕಮ್ಮಿ ಆಗ್ಯದ, ನಿನ್ನ ಚಿತ್ರದಾಗ ಯಾಕ ಎರಡೂ ಕಡೆ ಒಂದ ಕೆಂಪು?"

ಅವರು ಹೇಳಿದ್ದ ಖರೆ, ತಪ್ಪು ನಂದು. ವಿಮಿನ್, ವಿಮ್ಯಾಕ್ಸ್, ಅಂದ್ರ ಬಣ್ಣದ ಸ್ಕೇಲಿನ ಕೆಳಗಿನ ಮತ್ತ ಮ್ಯಾಲಿನ ಮಿತಿ, ಕೊಡದಿದ್ರ ಲೈಬ್ರರಿ ಆಯಾ ಡೇಟಾದ ಕಮ್ಮಿ ನಂಬರ್‌ನಿಂದ ಜಾಸ್ತಿ ನಂಬರ್ ತನಕ ಬಣ್ಣ ಹಂಚಿಬಿಡ್ತದ. ಮೇ ನಕ್ಷೆದಾಗ ಕಡುಗೆಂಪು ಅಂದ್ರ 14, ಡಿಸೆಂಬರ್‌ದಾಗ ಅದ ಕಡುಗೆಂಪು ಅಂದ್ರ 5. ಬಾಜೂಕ ಯಾವ ಬಣ್ಣ ಎಷ್ಟು ಅಂತ ತೋರಿಸೋ ಕಲರ್‌ಬಾರ್ ಇತ್ತು, ನಂಬರೂ ಇದ್ವು, ಆದ್ರ ಕಣ್ಣು ಮೊದಲು ಹೋಗೋದು ಬಣ್ಣದ ಮ್ಯಾಲೆ.

ಎರಡಕ್ಕೂ ಒಂದ ಸ್ಕೇಲ್ ಹಾಕಿದೆ. ಆಗ ಬ್ಯಾರೆ ತ್ರಾಸು ಬಂತು, ಆಮ್ಯಾಲೆ ಸೇರಿಸಿದ ಹಳ್ಳದ ದಂಡಿ ಒಂದ ಸ್ಯಾಂಪಲ್ 31 ಇತ್ತು, ಅದೊಂದ್ರ ಸಲುವಾಗಿ ಉಳಿದ ಹೊಲ ಎಲ್ಲಾ ಕಮ್ಮಿ ಉಪ್ಪಿನ ನೀಲಿ ಒಳಗ ಮುಳುಗಿಬಿಟ್ವು. 98ನೇ ಪರ್ಸೆಂಟೈಲ್‌ಗೆ, ಅಂದ್ರ ನೂರರಾಗ 98 ಸ್ಯಾಂಪಲ್ ಯಾವ ನಂಬರಿನ ಒಳಗ ಬರ್ತಾವೋ ಅಲ್ಲಿಗೆ, ಸ್ಕೇಲ್ ಕಟ್ ಮಾಡಿ ನೋಡಿದೆ, ಚಿತ್ರ ಚಂದ ಬಂತು ಖರೆ, ಆದ್ರ ಮುಂದಿನ ವರ್ಷದ ಡೇಟಾ ಬಂದ್ರ ಆ ಮಿತಿನೂ ಸರಿದುಹೋಗ್ತದ, ಮತ್ತ ಹೋಲಿಸೋದ್ಹೆಂಗ?

ಕಡೀಕ ತಿಳಿದಿದ್ದು, ಬಣ್ಣ ಎಲ್ಲಿ ಬದಲಾಗಬೇಕಂತ ಕೇಳಬೇಕಾದ್ದು ಬೆಳೀನ. ಇಸಿ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ರ ಸವಳು ಮಣ್ಣು ಅಂತಾರ. ಭತ್ತಕ್ಕ 3 ದಾಟಿದ್ರನ ಇಳುವರಿ ಇಳಿಯೋಕ ಶುರು, ಹತ್ತಿ ಹೆಚ್ಚುಕಮ್ಮಿ 7.7 ತನಕ ತಡಕೊಂತದ. ಹಂಗಾಗಿ ನಾವು ಹೇಳಿದ ನಂಬರಿಗೆ ಬಣ್ಣ ಬದಲಿಸೋ ಬೌಂಡರಿನಾರ್ಮ್ ತಗೊಂಡು 0, 2, 3, 4, 8, 16 ಅಂತ ಗೆರಿ ಹಾಕಿದೆ, 16ರ ಮ್ಯಾಲಿಂದಕ್ಕ ಎಕ್ಸ್‌ಟೆಂಡ್ ಮ್ಯಾಕ್ಸ್ ಕೊಟ್ಟು ಕಲರ್‌ಬಾರಿಗೆ ಬಾಣದ ತುದಿ. ಆ 31 ಈಗ ಬಾಣದೊಳಗ ಕುಂತದ, ಯಾರ ಬಣ್ಣಾನೂ ಕೆಡಸಲ್ಲ. ಒಂದು ಮಾತು ನೆನಪಿಡ್ರಿ, ಈ ಮಿತಿ ಎಲ್ಲಾ ಸ್ಯಾಚುರೇಶನ್ ಪೇಸ್ಟ್‌ನಿಂದ, ಅಂದ್ರ ಮಣ್ಣು ಹಿಡಿಯೋಷ್ಟ ನೀರು ಕಲಸಿದ ರಾಡಿಯಿಂದ, ತೆಗೆದ ನೀರಿನ ಇಸಿಗೆ, ಲ್ಯಾಬ್‌ದವರು ಒಂದು ಪಾಲು ಮಣ್ಣಿಗೆ ಎರಡೂವರಿ ಪಾಲು ನೀರು ಬೆರೆಸಿ ಅಳೆದಿದ್ರ ಆ ನಂಬರ್ ನೇರ ಇದರೊಳಗ ಹಾಕಬ್ಯಾಡ್ರಿ.

ಹಳೇ ಕೋಡ್‌ದಾಗ ಕಡುನೀಲಿಯಿಂದ ಕಡುಗೆಂಪಿಗೆ ಹೋಗೋ ಜೆಟ್ ಕಲರ್‌ಮ್ಯಾಪ್ (ಬಣ್ಣಗಳ ಸಾಲು) ಅಂತ ಬರೆದಿಟ್ಟಿದ್ದೆ, 2017ರಾಗ ಮ್ಯಾಟ್‌ಪ್ಲಾಟ್‌ಲಿಬ್ 2.0 ಬಂದಾಗಿಂದ ಡಿಫಾಲ್ಟ್ ವಿರಿಡಿಸ್ ಅನ್ನೋ ಬ್ಯಾರೆ ಕಲರ್‌ಮ್ಯಾಪ್ ಆಗಿದ್ರೂ ಬದಲಿ ಮಾಡಿರಲಿಲ್ಲ. ಊರಾಗ ನಕ್ಷೆ ಝೆರಾಕ್ಸ್ ಮಾಡಿಸಿ ಗ್ವಾಡಿಗೆ ಹಚ್ಚಿದ್ರು, ಕಪ್ಪು ಬಿಳುಪಿನ್ಯಾಗ ಕಡುನೀಲಿ, ಕಡುಗೆಂಪು ಎರಡೂ ಒಂದ ಕರಿ! ಚೊಲೊ ಭೂಮಿ ಯಾವುದು, ಸವಳು ಯಾವುದು, ಗೊತ್ತ ಆಗ್ತಿರಲಿಲ್ಲ. ಈಗ ಹಳದಿಯಿಂದ ಕಂದಿಗೆ ಹೋಗೋ ಕಲರ್‌ಮ್ಯಾಪ್ ಹಾಕ್ತೀನಿ, ಉಪ್ಪು ಜಾಸ್ತಿ ಆದಂಗ ಬಣ್ಣ ಕಪ್ಪಾಗ್ತದ, ಝೆರಾಕ್ಸ್‌ದಾಗೂ ಹಂಗ ಉಳೀತದ.

ಸ್ಯಾಂಪಲ್ ತಗೊಳ್ಳದ ಹೊಲ ಖಾಲಿ ಅಂದ್ರ ಕಾಗದದ ಬಿಳಿ ಕಾಣ್ತಿತ್ತು, ತಿಳಿ ಹಳದಿ ಪಕ್ಕ ಅದ ಎಲ್ಲಾದಕ್ಕಿಂತ ಚೊಲೊ ಮಣ್ಣು ಅನ್ನಂಗ. ಡೇಟಾ ಇಲ್ಲದ ಜಾಗಕ್ಕ ಬಣ್ಣ ಹೇಳೋ ಸೆಟ್‌ಬ್ಯಾಡ್ ಕೊಟ್ಟು ಬೂದಿ ಬಣ್ಣ ಮಾಡಿದೆ. ಮೊನ್ನೆ ಹೋದಾಗ ಬೂದಿ ಬಣ್ಣದ ಹೊಲದವರಿಬ್ರು ಬಂದು, ನಮ್ದ್ಯಾವಾಗ ಮಣ್ಣು ತಗೊಂತೀರಿ ಅಂತ ಕೇಳಿ ಹೆಸರು ಬರೆಸಿ ಹೋದ್ರು.