ಎಳ್ಳ ಅಮಾವಾಸ್ಯೆಗೆ ಕಲಬುರಗಿ, ಜೊತೆಗೊಂದಿಷ್ಟು ತೊಗರಿ ಪುರಾಣ

ರಾಯಚೂರು ಬಿಟ್ಟು ರೈಲು ಕೃಷ್ಣಾ ಸೇತುವೆ ಮೇಲೆ ಹೋಗುವಾಗ ಬೆಳಗಾಗಿತ್ತು. ಯಾದಗಿರಿ, ವಾಡಿ, ಶಹಾಬಾದ್, ಆಮೇಲೆ ಕಿಟಕಿ ತುಂಬ ತೊಗರಿ. ನಡುನಡುವೆ ಜೋಳ, ಕಡಲೆ. ಕಲಬುರಗಿ ಸ್ಟೇಷನ್ನಿನಲ್ಲಿ ಗೆಳತಿ ಸ್ಕೂಟರ್ ಹಿಡಿದು ಕಾಯುತ್ತಿದ್ದಳು. ತೊಗರಿ ಮೇಲೆ ಪಿಎಚ್‌.ಡಿ. ಮಾಡ್ತಿದ್ದಾಳೆ, ಹಾಗಾಗಿ ಆಳಂದ ರಸ್ತೆ ಉದ್ದಕ್ಕೂ ಬೇರೆ ಮಾತೇ ಇಲ್ಲ.

ಎಳ್ಳ ಅಮಾವಾಸ್ಯೆ ದಿನ ಈ ಕಡೆ ಮನೆಯಲ್ಲಿ ಯಾರೂ ಇರಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗ್ತಾರೆ, ಚರಗ ಚೆಲ್ಲಿ (ಅಂದ್ರೆ ಭೂಮಿತಾಯಿಗೆ ಅಂತ ಎಡೆಯನ್ನು ಹೊಲದ ತುಂಬ ಚೆಲ್ಲಿ), ಕೂತು ಊಟ ಮಾಡ್ತಾರೆ. ಅವಳ ಕಾಕಾ ನನ್ನನ್ನು ನೋಡಿದ್ದೇ ತಡ, "ಬರ್ರಿ ಬರ್ರಿ, ಮೊದಲ ಉಣ್ರಿ, ಆಮ್ಯಾಲೆ ಮಾತು" ಅಂತ ಬಾಳೆ ಎಲೆ ಹಾಸಿದರು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಕಡಲೆ, ತೊಗರಿ ಕಾಳು, ಸಿಕ್ಕ ಸೊಪ್ಪು ಎಲ್ಲಾ ಹಾಕಿ ಕುದಿಸಿದ ಭಜ್ಜಿ. ಭಜ್ಜಿ ಅಂದ್ರೆ ನಮ್ಮ ಕಡೆಯ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ, ಮೂರು ಸಲ ಬಡಿಸಿಕೊಂಡೆ.

ನಾನು ತಿನ್ನೋದರಲ್ಲಿ ಮುಳುಗಿದ್ದಾಗ ಗೆಳತಿ ಎಲೆ ತೋರಿಸಿ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕೆಲಸ ಮಾಡೋ ಬೆಳೆಗಳೆಲ್ಲ ಇಲ್ಲೇ ಬಿದ್ದಿವೆ ನೋಡು ಅಂದಳು. ನಿಜ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ಇಲ್ಲಿಂದ ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದ್ ಕಡೆ ಹೊರಟರೆ ಊರು ಮುಟ್ಟುವ ಮೊದಲೇ ಪಟಾನ್‌ಚೆರು ಸಿಗುತ್ತೆ, ಇಕ್ರಿಸ್ಯಾಟ್ ಇರೋದು ಅಲ್ಲೇ. 1972ರಲ್ಲಿ ಶುರುವಾದ ಆ ಸಂಸ್ಥೆಯ ಜೀನ್ ಬ್ಯಾಂಕಿನಲ್ಲಿ, ಅಂದ್ರೆ ತಳಿಗಳ ಬೀಜ ಕಾಪಾಡಿಡುವ ಸಂಗ್ರಹದಲ್ಲಿ, ಈ ಐದು ಬೆಳೆ ಮತ್ತು ಸಿರಿಧಾನ್ಯ ಸೇರಿ 1.2 ಲಕ್ಷಕ್ಕೂ ಜಾಸ್ತಿ ಮಾದರಿಗಳಿವೆ. ತೊಗರಿಯದೇ 13 ಸಾವಿರದ ಮೇಲೆ. ಬಹಳ ವರ್ಷ ಇಡಬೇಕಾದ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಡ್ತಾರೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರಕ್ಕೂ ಇಕ್ರಿಸ್ಯಾಟಿನಿಂದ ಬೀಜಗಳ ಇನ್ನೊಂದು ಪಾಲು ಹೋಗಿದೆ.

ಇದನ್ನೆಲ್ಲ ಕೇಳಿ ಕಾಕಾ, "ಇಟ್ಟು ಏನ್ ಮಾಡ್ತಾರವ್ವ?" ಅಂದರು. ನನಗೂ ಅದೇ ಪ್ರಶ್ನೆ ಇತ್ತು, ಕೇಳೋಕೆ ಸಂಕೋಚ ಅಷ್ಟೆ.

ಉತ್ತರ ಅವರ ಹೊಲದಲ್ಲೇ ಇತ್ತು. ಊಟ ಆದ ಮೇಲೆ ಕಾಕಾ ಒಣಗಿ ನಿಂತಿದ್ದ ಒಂದು ಗಿಡ ಕಿತ್ತರು. ಅರ್ಧ ಭಾಗ ಒಣಗಿದೆ, ಇನ್ನರ್ಧ ಇನ್ನೂ ಹಸಿರು. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ. ಕುಡುಗೋಲಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಗೆರೆಗಳು. "ಇದ ನೋಡ್ರಿ ನೆಟೆ ರೋಗ." ಮಣ್ಣಿನಲ್ಲಿರೋ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿಯನ್ನೇ ಮುಚ್ಚಿಬಿಡುತ್ತೆ. ಹೂ, ಕಾಯಿ ಬರೋ ಹೊತ್ತಿಗೆ ಗಿಡ ಹೋಯ್ತು. ಔಷಧಿ ಹೊಡೆದು ಗೆಲ್ಲೋ ರೋಗ ಅಲ್ಲ ಇದು, ತಡೆದುಕೊಳ್ಳೋ ತಳಿ ಬೇಕು.

ಆ ತಳಿ ಹುಡುಕೋದು ಹೇಗೆ ಅನ್ನೋದು ಮಜಾ ಇದೆ. ರೋಗದ ಗಿಡಗಳನ್ನು ಕೊಚ್ಚಿ ಬೇಕಂತಲೇ ಮಣ್ಣಿಗೆ ಸೇರಿಸಿ, ರೋಗ ತುಂಬಿದ ಹೊಲ ತಯಾರು ಮಾಡ್ತಾರೆ. ಅದರಲ್ಲಿ ಸಂಗ್ರಹದ ಮಾದರಿಗಳನ್ನು ಸಾಲುಸಾಲಾಗಿ ಬಿತ್ತಿ, ನಡುನಡುವೆ ಖಂಡಿತ ಸಾಯುವ ತಳಿಯನ್ನೂ ಹಾಕ್ತಾರೆ. ಅದು ಸತ್ತರೆ ಮಾತ್ರ ಪಕ್ಕದಲ್ಲಿ ಬದುಕಿದ್ದಕ್ಕೆ ಬೆಲೆ, ಇಲ್ಲದಿದ್ದರೆ ಆ ಜಾಗದಲ್ಲಿ ರೋಗವೇ ಇರಲಿಲ್ಲ ಅಂತಲೂ ಆಗಬಹುದು ಅಲ್ವಾ. ಮಹಾರಾಷ್ಟ್ರದ ಒಂದು ನಾಟಿ ತಳಿಯಿಂದ ಹೀಗೆ ಆರಿಸಿದ್ದು ಐಸಿಪಿ 8863 ಅನ್ನೋ ಸಂಖ್ಯೆಯ ತಳಿ. 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಅನ್ನೋ ಹೆಸರಲ್ಲಿ ಬಿಡುಗಡೆ ಆಯ್ತು. ಹೆಸರು ಕೇಳಿದ್ದೇ ಕಾಕಾ, "ಮಾರುತಿ ನಾವೂ ಹಾಕೀವಲ್ಲ!" ಅಂತ ಎದ್ದೇ ನಿಂತರು. ಆದರೆ ಮಾರುತಿ ನೆಟೆ ತಡೆದರೂ ಗೊಡ್ಡು ರೋಗಕ್ಕೆ ಬಗ್ಗುತ್ತೆ. ನುಸಿ ಹರಡೋ ರೋಗ ಅದು, ಎಲೆ ಬರುತ್ತೆ, ಹೂವೇ ಬಿಡಲ್ಲ. ಎಷ್ಟರಮಟ್ಟಿಗೆ ಅಂದ್ರೆ ಗೊಡ್ಡು ರೋಗದ ಪರೀಕ್ಷೆಯಲ್ಲಿ ಖಂಡಿತ ಸೋಲುವ ತಳಿ ಅಂತ ಬಿತ್ತೋದೇ ಮಾರುತಿಯನ್ನು! ಎರಡನ್ನೂ ತಡೆಯೋದು ಆಮೇಲೆ ಬಂದ 'ಆಶಾ'. 2011ರಲ್ಲಿ ವಿಜ್ಞಾನಿಗಳು ತೊಗರಿಯ ಜೀನೋಮ್, ಅಂದ್ರೆ ಅದರ ವಂಶವಾಹಿ ಬರಹದ ಕರಡು, ಓದಿದಾಗ ತೆಗೆದುಕೊಂಡಿದ್ದೂ ಅದನ್ನೇ.

ಹದಿಮೂರು ಸಾವಿರವನ್ನೂ ಬಿತ್ತಿ ನೋಡೋಕೆ ಯಾವ ವಿದ್ಯಾರ್ಥಿಗೆ ಆಗುತ್ತೆ? ಇಲ್ಲಿ ದತ್ತಾಂಶ ಕೆಲಸಕ್ಕೆ ಬರುತ್ತೆ. ಎಲ್ಲಿ ಸಿಕ್ಕಿತು, ಎಷ್ಟು ದಿನಕ್ಕೆ ಹೂ, ಕಾಳಿನ ಬಣ್ಣ, ನೂರು ಕಾಳಿನ ತೂಕ ಅಂತ ಬರೆದಿಟ್ಟಿದ್ದನ್ನೆಲ್ಲ ಗುಂಪು ಮಾಡಿ, ಗುಂಪಿನಿಂದ ಇಷ್ಟಿಷ್ಟು ಅಂತ ಆರಿಸಿ ಮೊದಲು 1,290ಕ್ಕೆ ಇಳಿಸಿದರು, ಆಮೇಲೆ 146ಕ್ಕೆ. ವೈವಿಧ್ಯ ಹೆಚ್ಚು ಕಳೆಯದ ಹಾಗೆ. ಗೆಳತಿ ತರಿಸಿಕೊಂಡಿರೋದು ಈ 146ರಲ್ಲಿ ಕೆಲವನ್ನು. ನನಗೆ ಅನಿಸಿದ್ದು ಇಷ್ಟು: ಬೀಜದಷ್ಟೇ ಈ ವಿವರ ಬರೆದಿಟ್ಟ ಚೀಟಿಯೂ ಮುಖ್ಯ. ಚೀಟಿ ಕಳೆದರೆ ಅದು ಸುಮ್ನೆ ಇನ್ನೊಂದು ಹಿಡಿ ತೊಗರಿ.

ಮರದ ಕೆಳಗೆ ಕೂತು ಫೋನಿನಲ್ಲಿ ಜೆನೆಸಿಸ್ ತೆರೆದೆವು. ಜಗತ್ತಿನ ಎಷ್ಟೋ ಜೀನ್ ಬ್ಯಾಂಕುಗಳಲ್ಲಿರೋ ಮಾದರಿಗಳ ಪಟ್ಟಿ ಒಂದೇ ಕಡೆ ಇರೋ ಜಾಲತಾಣ ಅದು, ಯಾರು ಬೇಕಾದರೂ ನೋಡಬಹುದು. ಹುಡುಕುವಾಗ ಗುಲ್ಬರ್ಗಾ ಅಂತಲೇ ಹಾಕಬೇಕು, ಯಾಕಂದ್ರೆ ಹೆಸರು ಬದಲಾಗಿದ್ದು 2014ರಲ್ಲಿ, ಬೀಜ ಕಲೆ ಹಾಕಿದ್ದು ಅದಕ್ಕೂ ಎಷ್ಟೋ ಮೊದಲು. ಯಾದಗಿರಿ ಕಡೆಯದ್ದೂ ಹಳೇ ಜಿಲ್ಲೆಯ ಲೆಕ್ಕದಲ್ಲೇ ಇರುತ್ತೆ. ಇದನ್ನು ಸರಿಮಾಡದೆ ಊರಿನ ಮಳೆ, ಬಿಸಿಲಿನ ಲೆಕ್ಕಕ್ಕೆ ಬೀಜ ಆರಿಸಿದರೆ ಎಲ್ಲಿಯದೋ ಎಲ್ಲಿಗೋ ಹೋಗುತ್ತೆ. ಊರಿನ ಹೆಸರುಗಳ ಸ್ಪೆಲಿಂಗ್ ಬಗ್ಗೆ ಕಾಕಾ, ಗೆಳತಿ ಜಗಳಕ್ಕೇ ಬಿದ್ದರು.

ಕಾಕಿಗೆ ಬೇರೆಯೇ ತಕರಾರು. "ಬ್ಯಾಳಿ ಲಗೂ ಬೇಯ್ತದೋ ಇಲ್ಲೋ, ಅದು ಬರದಾರೇನು?" ನಾವು ತೆರೆದ ಸಾಲುಗಳಲ್ಲಿ ಅದು ಇರಲಿಲ್ಲ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಕಲಬುರಗಿ ತೊಗರಿ ಬೇಳೆಯನ್ನು ಜನ ಹೊಗಳೋದೇ ರುಚಿಗೆ, ಬೇಯೋದಕ್ಕೆ. ಅದಕ್ಕೊಂದು ಕಾಲಂ ಎದುರಿಗೇ ಕಾಣಬೇಕಿತ್ತು, ನಾನಂತೂ ಕಾಕಿ ಕಡೆ.

"ನನಗೂ ಒಂದು ಮುಷ್ಟಿ ತರಸ್ಕೊಡವ್ವ" ಅಂದರು ಕಾಕಾ. ಜೀನ್ ಬ್ಯಾಂಕಿನ ಒಪ್ಪಂದಕ್ಕೆ ಸಹಿ ಹಾಕಬೇಕು, ಬರೋದು ಸ್ವಲ್ಪವೇ ಕಾಳು, ಬೆಳೆಸಿಕೊಂಡು ಹೆಚ್ಚು ಮಾಡಬೇಕು ಅಂತ ಅವಳು ವಿವರಿಸಿದಳು. "ಕೊಟ್ಟಾಂವ ರೈತ, ಸಹಿನೂ ರೈತನ ಮಾಡ್ಬೇಕಾ?" ಅಂದರು. ಅವಳು ನಕ್ಕು, ಅದಕ್ಕಿಂತ ಕಷ್ಟ ಜೇನುಹುಳದ್ದು ಅಂದಳು. ಪಕ್ಕದ ಹೊಲದ ತೊಗರಿ ಪರಾಗ ತಂದು ತಳಿ ಬೆರಕೆ ಮಾಡಿಬಿಡ್ತಾವೆ, ಅದಕ್ಕೇ ಜೀನ್ ಬ್ಯಾಂಕಿನವರು ಬಲೆಯೊಳಗೆ ಬೆಳೆಸೋದು.

"ಅಷ್ಟೇನಾ? ಮನ್ಯಾಗ ಸೊಳ್ಳೆ ಪರದಿ ಅದ, ಕಟ್ತೀನಿ" ಅಂದರು ಕಾಕಾ. ಕಾಕಿ ಅದಕ್ಕೆ ಸುತಾರಾಂ ಒಪ್ಪಲಿಲ್ಲ.