ಅಮ್ಮಮ್ಮನ ಪಕ್ಕ ಕೂತು ನೋಡಿದ ‘ಗಾಂಧಿ’

ಕಳೆದ ದೀಪಾವಳಿಗೆ ಸಿದ್ದಾಪುರದ ಹತ್ರ ಅಮ್ಮನ ತವರಿಗೆ ಎಲ್ರೂ ಹೋಗಿದ್ವಿ, ಮಾವನ ಮಗ ಬೆಂಗ್ಳೂರಿಂದ ಚಿಕ್ಕ ಪ್ರೊಜೆಕ್ಟರ್ ತಂದಿದ್ದ, ರಾತ್ರಿ ಊಟ ಆದ್ಮೇಲೆ ಜಗಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಹಾಕಿದ್ವಿ. 1982ರ ಸಿನಿಮಾ, 3 ಗಂಟೆ 11 ನಿಮಿಷ ಇದೆ. ಅಮ್ಮಮ್ಮಂಗೆ ಎಂಬತ್ತು ದಾಟಿದೆ, ಇಂಗ್ಲಿಷ್ ಬರಲ್ಲ, ಅದಕ್ಕೆ ನಾನು ಅವರ ಪಕ್ಕ ಕೂತು ಯಾರು ಏನು ಹೇಳ್ತಿದಾರೆ ಅಂತ ಸಣ್ಣ ದನಿಲಿ ಹೇಳ್ತಾ ಇದ್ದೆ.

ಸಿನಿಮಾ ಶುರುವಾಗೋದೇ ಗುಂಡಿನ ಸದ್ದಿಂದ, ಆಮೇಲೆ ಶವಯಾತ್ರೆ. ಆ ಜನಸಾಗರ ನೋಡಿ ಮಾವನ ಮಗ ಇದು ಗ್ರಾಫಿಕ್ಸ್ ಅಲ್ವಾ ಅಂದ. ಅಲ್ಲ ಮಾರಾಯ, ಅದೆಲ್ಲಾ ನಿಜವಾದ ಜನ! 1981ರ ಜನವರಿ 31, ಅಂದ್ರೆ ಗಾಂಧೀಜಿ ಅಂತ್ಯಕ್ರಿಯೆ ಆಗಿ ಸರಿಯಾಗಿ 33 ವರ್ಷಕ್ಕೆ, ದೆಹಲಿಯ ರಾಜಪಥದಲ್ಲೇ 11 ಕ್ಯಾಮೆರಾ ಇಟ್ಟು ಶೂಟ್ ಮಾಡಿದ್ದು, ಬಂದಿದ್ದು 3 ಲಕ್ಷಕ್ಕೂ ಹೆಚ್ಚು ಜನ, ಸಿನಿಮಾದಲ್ಲಿ ಉಳಿದಿದ್ದು ಎರಡು ನಿಮಿಷದಷ್ಟು. ಅಟೆನ್‌ಬರೋಗೆ ಈ ಸಿನಿಮಾದ ಹುಚ್ಚು ಹತ್ತಿಸಿದ್ದು ಮೋತಿಲಾಲ್ ಕೊಠಾರಿ ಅಂತ ಲಂಡನ್ನಿನಲ್ಲಿ ನಮ್ಮ ಹೈಕಮಿಷನ್‌ನಲ್ಲಿ ಕೆಲಸ ಮಾಡ್ತಿದ್ದವರು, 1962ರಲ್ಲಿ. ಅಲ್ಲಿಂದ ಸಿನಿಮಾ ತೆರೆಗೆ ಬರೋಕೆ 20 ವರ್ಷ ಹಿಡೀತು, ಅಷ್ಟರಲ್ಲಿ ಕೊಠಾರಿನೂ ಇರ್ಲಿಲ್ಲ ನೆಹರೂನೂ ಇರ್ಲಿಲ್ಲ. ಆಮೇಲೆ 8 ಆಸ್ಕರ್ ಬಂತು, ಬಟ್ಟೆ ವಿನ್ಯಾಸಕ್ಕೆ ಭಾನು ಅಥೈಯಾ ಅವರಿಗೂ ಸಿಕ್ತು, ಭಾರತದವರೊಬ್ಬರಿಗೆ ಮೊದಲ ಆಸ್ಕರ್ ಅದು.

ದಕ್ಷಿಣ ಆಫ್ರಿಕಾದ ಭಾಗದಲ್ಲಿ ಪಾಯಿಖಾನೆ ತೊಳೆಯೋ ವಿಷಯಕ್ಕೆ ಗಾಂಧಿ ಕಸ್ತೂರಬಾ ಕೈ ಹಿಡಿದು ಎಳ್ಕೊಂಡು ಹೋಗಿ ಹೊರಗೆ ದಬ್ಬೋ ದೃಶ್ಯ ಇದೆಯಲ್ಲ, ಅಲ್ಲಿ ಅಮ್ಮಮ್ಮಂಗೆ ತುಂಬಾ ಸಿಟ್ಟು ಬಂತು. ಗಾಂಧೀಜಿನೇ ತಮ್ಮ ಆತ್ಮಕಥೆಲಿ ಬರ್ಕೊಂಡಿದಾರೆ ಇದನ್ನ ಅಂದೆ. ಬರ್ಕೊಂಡ್ರೆ ಸರಿಯಾಯ್ತಾ ಅನ್ನೋ ಥರ ನನ್ನ ಮುಖ ನೋಡಿದ್ರು. ಗಾಂಧಿ ಪಾತ್ರ ಮಾಡಿದ ಬೆನ್ ಕಿಂಗ್‌ಸ್ಲೆ ಬಗ್ಗೆ ಎಲ್ರೂ ಮಾತಾಡ್ತಾರೆ, ಮಾತಾಡ್ಲೇಬೇಕು, ಆದ್ರೆ ಕಸ್ತೂರಬಾ ಆಗಿ ರೋಹಿಣಿ ಹಟ್ಟಂಗಡಿ ಆ ಒಂದು ದೃಶ್ಯದಲ್ಲಿ ನಿಂತಿರೋ ರೀತಿ ಇದೆಯಲ್ಲ, ನಂಗೆ ಅದು ಅಷ್ಟೇ ದೊಡ್ಡದು.

ಆಮೇಲೆ ಧಾರಾಸಣ ಬಂತು, ಗುಜರಾತಲ್ಲಿ ಉಪ್ಪಿನ ಆಗರ ಇದ್ದ ಊರು. ದಂಡಿ ಯಾತ್ರೆ ಎಲ್ರಿಗೂ ಗೊತ್ತು, ಶಾಲೆಲಿ ಚಿತ್ರ ಬರ್ದಿರ್ತೀವಿ. ಧಾರಾಸಣ ಅಷ್ಟು ಗೊತ್ತಿರಲ್ಲ. 1930ರ ಮೇ ಶುರುವಲ್ಲೇ ಗಾಂಧೀಜಿನ ಹಿಡಿದು ಜೈಲಿಗೆ ಹಾಕಿದ್ರು, ಆದ್ರೂ ಮೇ 21ಕ್ಕೆ ಸತ್ಯಾಗ್ರಹಿಗಳು ಆ ಉಪ್ಪಿನ ಆಗರದ ಕಡೆ ಸಾಲು ಸಾಲಾಗಿ ನಡೆದ್ರು. ಲಾಠಿ ಏಟು ಬೀಳತ್ತೆ, ಒಂದು ಸಾಲು ನೆಲಕ್ಕೆ ಬೀಳತ್ತೆ, ಹೆಂಗಸರು ಬಂದು ಬಿದ್ದವರನ್ನ ಎತ್ಕೊಂಡು ಹೋಗ್ತಾರೆ, ಮುಂದಿನ ಸಾಲು ಬರತ್ತೆ, ಅದೂ ಬೀಳತ್ತೆ, ಮತ್ತೆ ಇನ್ನೊಂದು. ಯಾರೂ ಕೈ ಎತ್ತಲ್ಲ, ತಲೆ ಮೇಲೆ ಬರೋ ಏಟು ತಡೆಯೋಕೂ ಎತ್ತಲ್ಲ. ಅಲ್ಲಿ ನಿಂತು ಕಣ್ಣಾರೆ ನೋಡಿದ ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಇದನ್ನೇ ಬರೆದು ಜಗತ್ತಿಗೆ ತಿಳಿಸಿದ್ದು, ಸಿನಿಮಾದಲ್ಲಿ ವಾಕರ್ ಅಂತ ಬೇರೆ ಹೆಸರಿಟ್ಟು ಮಾರ್ಟಿನ್ ಶೀನ್ ಕೈಲಿ ಮಾಡ್ಸಿದಾರೆ. ಈ ಭಾಗದಲ್ಲಿ ನಾನು ಏನೂ ಹೇಳೋ ಅಗತ್ಯನೇ ಬೀಳ್ಲಿಲ್ಲ. ಅಮ್ಮಮ್ಮ ಮೆಲ್ಲಗೆ ಹೊಡಿಯೋರೂ ನಮ್ಮೋರೇ ಅಲ್ದನೋ ಅಂದ್ರು, ಸ್ವಲ್ಪ ಹೊತ್ತು ಬಿಟ್ಟು, “ತಮಾ, ಇವರ ಹೆಸರೆಲ್ಲ ಎಂತದೋ?”

ಅಲ್ಲೇ ನಿಲ್ಸಿದ್ವಿ ಸಿನಿಮಾನ, ಯಾಕಂದ್ರೆ ಅಮ್ಮಮ್ಮ ಮಾತು ಶುರು ಮಾಡಿದ್ರು. ನಮ್ಮ ಉತ್ತರ ಕನ್ನಡದಲ್ಲೂ ಅದೇ 1930ರಲ್ಲಿ ಅಂಕೋಲೆಲಿ ಉಪ್ಪು ಮಾಡಿದ್ರು, ಆಮೇಲೆ ಅಂಕೋಲೆ ಸಿದ್ದಾಪುರದ ಕಡೆ ಕರನಿರಾಕರಣೆ, ತೀರ್ವೆ ಕಟ್ಟಲ್ಲ ಅಂತ ರೈತರು ಕೂತ್ರು, ಗುಜರಾತಲ್ಲಿ ಕರನಿರಾಕರಣೆಗೆ ಹೆಸರಾದ ಬಾರ್ಡೋಲಿ ಥರನೇ ಅಂತ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ್ಲೇ ಹೆಸರು. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕ್ತು. ಆ ಹರಾಜಲ್ಲಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತಿದ್ದು ಹೆಂಗಸರು. ಮಾವಿನಗುಂಡಿಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಹೋಗೋರೆಲ್ಲ ಅದೇ ದಾರಿಲಿ ಹೋಗ್ತಾರೆ, ಕಾರು ನಿಲ್ಸೋರು ಕಮ್ಮಿ. ಅಮ್ಮಮ್ಮಂಗೆ ಇದೆಲ್ಲ ಅವರ ಆಯಿ ಹೇಳಿದ್ದು. ಜಪ್ತಿಗೆ ಬಂದವರು ಬಚ್ಚಲ ಹಂಡೆ ಹೊತ್ಕೊಂಡು ಹೋದ್ರಂತೆ, ತೊಟ್ಟಿಲು ಬಿಚ್ಚೋಕೆ ಬಂದಾಗ ಮಾತ್ರ ಯಾರೋ ಅತ್ತೆ ಅಡ್ಡ ನಿಂತ್ಲಂತೆ. ಆ ಅತ್ತೆ ಹೆಸರು ಅಮ್ಮಮ್ಮಂಗೂ ಗೊತ್ತಿಲ್ಲ.

ಅವತ್ತು ರಾತ್ರಿ ನಂಗೆ ಈ ಸಿನಿಮಾ ಬೇರೆ ಥರ ಕಾಣ್ತು. ಅದು ಅತಿ ಎತ್ತರಕ್ಕೆ ಹೋಗೋದು ಗಾಂಧೀಜಿ ತೆರೆ ಮೇಲೆ ಇಲ್ಲದಿರೋ ಆ ಕೆಲವು ನಿಮಿಷದಲ್ಲೇ. ದೊಡ್ಡ ತೆರೆಯ ಇತಿಹಾಸದ ಸಿನಿಮಾಗಳು ಸಾಮಾನ್ಯವಾಗಿ ನಾಯಕನ ಮುಖದ ಹಿಂದೆ ಜನರನ್ನ ಗೋಡೆ ಥರ ನಿಲ್ಲಿಸ್ತವೆ, ಇಲ್ಲಿ ಅಟೆನ್‌ಬರೋ ಆ ಜನರಿಗೇ ಟೈಮ್ ಕೊಟ್ರು, ಒಂದು ಸಾಲಲ್ಲಿ ಮುಗಿಸ್ದೆ ಮತ್ತೆ ಮತ್ತೆ ತೋರಿಸಿದ್ರು, ಪುಸ್ತಕದಲ್ಲಿ ಒಂದು ವಾಕ್ಯ ಓದಿ ದಾಟಿ ಹೋಗಬಹುದು, ಇಲ್ಲಿ ದಾಟೋಕೆ ಬಿಡಲ್ಲ. ಆದ್ರೆ ಬೇಜಾರೂ ಇದೆ. ನಿಜವಾಗಿ ಅವತ್ತು ಧಾರಾಸಣದಲ್ಲಿ ಮುಂದಾಳತ್ವ ವಹಿಸಿದ್ದು ಸರೋಜಿನಿ ನಾಯ್ಡು, ಸಿನಿಮಾದಲ್ಲಿ ಆ ಜಾಗಕ್ಕೆ ಗಂಡಸರನ್ನ ನಿಲ್ಸಿ ಹೆಂಗಸರನ್ನ ಗಾಯಾಳು ಹೊರೋಕೆ ಮಾತ್ರ ಇಟ್ಟಿದಾರೆ. ಮಾವಿನಗುಂಡಿ ಕಥೆ ಕೇಳಿದ ಮೇಲೆ ಇದು ಸಣ್ಣ ಬದಲಾವಣೆ ಅಂತ ಒಪ್ಪೋಕೆ ನಂಗಾಗಲ್ಲ.

ಉಳಿದಿದ್ದನ್ನ ಮಾರನೇ ದಿನ ನೋಡಿದ್ವಿ. ಅಂಬೇಡ್ಕರ್ ಯಾವಾಗ ಬರ್ತಾರೆ ಅಂತ ಮಾವನ ಮಗ ಕಾಯ್ತಾನೇ ಇದ್ದ, ಬರ್ಲೇ ಇಲ್ಲ, ದಲಿತರ ಪ್ರಾತಿನಿಧ್ಯದ ವಿಷಯಕ್ಕೆ ಅವರಿಗೂ ಗಾಂಧೀಜಿಗೂ ನಡುವೆ ಆದ 1932ರ ಪೂನಾ ಒಪ್ಪಂದದ ಸುದ್ದಿನೇ ಇಲ್ಲ. ಒಬ್ಬ ಮನುಷ್ಯನ ಬದುಕನ್ನ ಒಂದೇ ಸಲಕ್ಕೆ ಹೇಳಿ ಮುಗಿಸೋಕಾಗಲ್ಲ ಅಂತ ಸಿನಿಮಾ ಮೊದಲಲ್ಲೇ ಹಾಕ್ತಾರೆ ನಿಜ, ಅದು ಪ್ರಾಮಾಣಿಕ ಮಾತೇ, ಆದ್ರೆ ಇಷ್ಟು ದೊಡ್ಡದನ್ನ ಬಿಟ್ಟಿದ್ದಕ್ಕೆ ಅದು ಉತ್ತರ ಆಗಲ್ಲ.

ಊರಿಂದ ಹೊರಡೋ ಮುಂಚೆ ಅಮ್ಮಮ್ಮನ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಯಾರ ಮನೆ ಜಮೀನು ಹೋಗಿತ್ತು, ಜೈಲಿಗೆ ಹೋದ ಗಂಡಸರ ತೋಟದ ಅಡಿಕೆ ಯಾರು ಕೊಯ್ದು ಕೊಟ್ರು, ಉಪವಾಸ ಕೂತವರಿಗೆ ನೀರು ತಂದು ಕೊಡ್ತಿದ್ದೋರು ಯಾರು, ಎಲ್ಲ. ಸಿದ್ದಾಪುರ ಅಂಕೋಲೆ ಕಡೆ ನಿಮ್ಮನೆಲೂ ಹಿರಿಯರಿದ್ರೆ ಕೇಳಿ ಬರ್ದಿಡಿ, ಮುಖ್ಯವಾಗಿ ಹೆಂಗಸರ ಹೆಸರು. ತೊಟ್ಟಿಲಿಗೆ ಅಡ್ಡ ನಿಂತ ಆ ಅತ್ತೆ ಹೆಸರು ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ನಂಗೂ ತಿಳಿಸಿ.