ನ್ಯೂಸ್‌ಲೆಟರ್ ವೇದಿಕೆಯೋ, ದುಬಾರಿ ಮೇಲ್ ಆ್ಯಪೋ?

ಉಡುಪಿಯಲ್ಲಿ ಕೂತು ವಾರಕ್ಕೊಮ್ಮೆ ಯಕ್ಷಗಾನ ಮೇಳಗಳ ಆಟದ ಪಟ್ಟಿ, ಜೊತೆಗೆ ಪ್ರಸಂಗದ ಬಗ್ಗೆ ನಾಲ್ಕು ಮಾತು ಬರೆದು ಮುಂಬೈ, ದುಬೈಯಲ್ಲಿರುವ ಊರಿನವರಿಗೆ ಮೇಲ್ ಮಾಡಬೇಕು ಅಂದುಕೊಳ್ಳಿ. ಸಬ್‌ಸ್ಟ್ಯಾಕ್, ಘೋಸ್ಟ್ ಥರದ ನ್ಯೂಸ್‌ಲೆಟರ್ ವೇದಿಕೆ ಬೇಕೋ, ವರ್ಷಕ್ಕೆ 99 ಡಾಲರಿನ ‘ಹೇ’ ಮೇಲ್ ಸಾಕೋ?

ದುಬಾರಿ ಮೇಲ್ ಸೇವೆಗೆ ಕೊಡುವ ದುಡ್ಡು ನಿಮಗೆ ಬರುವ ಮೇಲನ್ನು ಸಂಭಾಳಿಸಲಿಕ್ಕೆ. ‘ಹೇ’ಯಲ್ಲಿ ಹೊಸಬರ ಮೇಲ್ ನೀವು ಒಪ್ಪಿದರೆ ಮಾತ್ರ ಒಳಗೆ ಬರುತ್ತದೆ. ದಿನಕ್ಕೆ ಹತ್ತು ಮೇಲ್ ಬರುವವರಿಗೆ ಅದು ದಂಡ. ಗೊಂದಲ ಹುಟ್ಟುವುದು ಅದರೊಳಗಿನ ‘ಹೇ ವರ್ಲ್ಡ್’ನಿಂದ: ನಿಗದಿತ ವಿಳಾಸಕ್ಕೆ ಮೇಲ್ ಕಳಿಸಿದರೆ ಅದೇ ವೆಬ್ ಪುಟವಾಗುತ್ತದೆ, ಓದುಗರು ಚಂದಾದಾರರೂ ಆಗಬಹುದು. ಅಪರೂಪಕ್ಕೆ ಬರೆಯುವವರಿಗೆ ಚೆನ್ನ. ಚಂದಾ ಹಣ ವಸೂಲಿಗೆ ಮಾತ್ರ ಅಲ್ಲಿ ದಾರಿಯಿಲ್ಲ.

ಜಿಮೇಲ್‌ನಲ್ಲೇ ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಪ್ರತಿ) ಹಾಕಿದರಾಯಿತು ಅನ್ನುವವರೂ ಇದ್ದಾರೆ. ಉಚಿತ ಖಾತೆಗೆ ದಿನಕ್ಕೆ 500 ಜನರ ಮಿತಿ. ಅದಕ್ಕಿಂತ ದೊಡ್ಡ ತೊಂದರೆ, ಅದರಲ್ಲಿ ಪಟ್ಟಿಯಿಂದ ಹೊರಬರುವ ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುವುದಿಲ್ಲ. ಬೇಡವಾದವರು ಸ್ಪ್ಯಾಮ್ ಒತ್ತುತ್ತಾರೆ, ಪೆಟ್ಟು ಬೀಳುವುದು ನಿಮ್ಮ ಸ್ವಂತ ವಿಳಾಸಕ್ಕೆ. ಹಾಗಾಗಿ ವೇದಿಕೆಯೇ ಸರಿ.

ಯಾವುದು ಅನ್ನುವುದನ್ನು ದುಡ್ಡಿನ ದಾರಿ ತೀರ್ಮಾನಿಸುತ್ತದೆ. ಸಬ್‌ಸ್ಟ್ಯಾಕ್ ಚಂದಾದಲ್ಲಿ ಶೇ. 10 ಹಿಡಿಯುತ್ತದೆ, ಆ ಹಣ ವಸೂಲಿ ಮಾಡಿಕೊಡುವ ಪಾವತಿ ಸೇವೆ ಸ್ಟ್ರೈಪ್‌ನ ಶುಲ್ಕ ಬೇರೆ. 2024ರಿಂದ ಭಾರತದಲ್ಲಿ ಸ್ಟ್ರೈಪ್ ಖಾತೆ ಸಿಗುವುದು ಆಹ್ವಾನ ಇದ್ದವರಿಗೆ ಮಾತ್ರ. ಉಚಿತ ಪತ್ರಕ್ಕೆ ಇದ್ಯಾವುದೂ ಅಡ್ಡಿಯಲ್ಲ. ಚಂದಾ ಬೇಕಿದ್ದರೆ ಘೋಸ್ಟ್ ವಾಸಿ: ಭಾರತದಲ್ಲಿರುವ ಓದುಗರಿಂದ ಯುಪಿಐಯಲ್ಲಿ ಹಣ ತಗೊಂಡು, ಸದಸ್ಯರ ಪಟ್ಟಿಯಲ್ಲಿ ಅವರಿಗೆ ‘ಪತ್ತನಾಜೆವರೆಗೆ’ (ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಅಂತ ಲೇಬಲ್ ಹಾಕಿ, ಆ ಲೇಬಲ್‌ನವರಿಗಷ್ಟೇ ಕಳಿಸಬಹುದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವಾಗ ಲೇಬಲ್ ತೆಗೆದರೆ ಲೆಕ್ಕ ಚುಕ್ತಾ. ನಿಮ್ಮದೇ ಸರ್ವರಿನಲ್ಲಿ ಘೋಸ್ಟ್ ಹಾಕುವುದಾದರೆ ಮೇಲ್ ಕಳಿಸಲು ಮೇಲ್‌ಗನ್ ಎಂಬ ಮೇಲ್ ರವಾನೆ ಸೇವೆಯ ಖಾತೆಯೂ ಬೇಕು. ಆಗ ಡೊಮೇನಿನ (ವೆಬ್ ವಿಳಾಸದ) ಡಿಎನ್‌ಎಸ್‌ ಸೆಟ್ಟಿಂಗಿನಲ್ಲಿ ಮೇಲ್ ನಿಮ್ಮದೇ ಅಂತ ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್ ದಾಖಲೆ ಸೇರಿಸದೆ ಮೊದಲ ಪತ್ರ ಕಳಿಸಬೇಡಿ.

ಇನ್ನು ಕನ್ನಡದ್ದೇ ತಾಪತ್ರಯ. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲನ್ನು ಕತ್ತರಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಯುನಿಕೋಡಿನ ಪ್ರತಿ ಕನ್ನಡ ಚಿಹ್ನೆಗೆ ಮೂರು. ‘ಸ್ತ್ರೀ’ಯಲ್ಲಿ ಆರು ಚಿಹ್ನೆ, ಅದೊಂದಕ್ಕೇ 18. ವರ್ಡ್‌ನಿಂದ ಪೇಸ್ಟ್ ಮಾಡಿದರೆ ಸ್ಟೈಲ್ ಕೋಡಿನ ಭಾರವೂ ಸೇರಬಹುದು. ಕತ್ತರಿ ಬಿದ್ದರೆ ಮೊದಲು ಮರೆಯಾಗುವುದು ಕೆಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿ, ಮತ್ತೆ ಅದೇ ಸ್ಪ್ಯಾಮ್ ಕಥೆ. ಕಂಟ್ರೋಲ್, ಶಿಫ್ಟ್, ವಿ ಒತ್ತಿ ಬರೀ ಪಠ್ಯ ಹಾಕಿ.

ಡಿಟಿಪಿ ಅಂಗಡಿಯಿಂದ ಬಂದ ಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಮೇಲಿನಲ್ಲಿ ಬರೀ ಕಲಸುಮೇಲೋಗರ ಕಾಣುತ್ತದೆ, ಯುನಿಕೋಡಿಗೆ ಬದಲಿಸಲೇಬೇಕು. ಬದಲಿಸಿದ ಮೇಲೆ ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ಮೊದಲೇ ಬರಬೇಕು, ಎಡವಟ್ಟಾಗುವುದು ಅಲ್ಲೇ. ಧರ್ಮಸ್ಥಳ, ಮಂದಾರ್ತಿ ಎರಡೂ ಮೇಳಗಳ ಹೆಸರಲ್ಲಿ ಅರ್ಕಾವತ್ತಿದೆ. ಕಳಿಸಿದ ಮೇಲನ್ನು ತಿದ್ದಲಿಕ್ಕಾಗುವುದಿಲ್ಲ, ಮೊದಲು ನಿಮಗೇ ಒಂದು ಪ್ರತಿ ಕಳಿಸಿ ಫೋನಿನಲ್ಲಿ ಓದಿ.